ಎಲ್‌ಕೆಜಿಯ ವಿದ್ಯಾರ್ಥಿ ಯಾರು? ಒಂದು ಶಾಸ್ತ್ರೀಯ ವಿಚಾರ

ಎಲ್‌ಕೆಜಿಯನ್ನು ಕುರಿತು ನಮ್ಮಲ್ಲಿ ಇದುವರೆಗೆ ನಡೆದಿರುವ ಚಿಂತನೆಯೆಲ್ಲ ಒಂದು ತಪ್ಪು ಗ್ರಹಿಕೆಯ ಮೇಲೆ ನಿಂತಿದೆ. ಅಲ್ಲಿ ಓದುವುದು ಮಗು ಎಂದು ಶಿಕ್ಷಣತಜ್ಞರು ನಂಬಿದ್ದಾರೆ, ಸರಕಾರ ನಂಬಿದೆ, ವ್ಯಾನ್ ಡ್ರೈವರೂ ನಂಬಿದ್ದಾನೆ. ಮೂಗು ಸೋರುವ, ಷೂವಿನ ಎಡಬಲ ತಿಳಿಯದ, ಮೂರೂವರೆ ವರ್ಷದ ಒಂದು ಜೀವ ಬೆಳಗ್ಗೆ ಗೇಟಿನೊಳಗೆ ಹೋಗಿ ಮಧ್ಯಾಹ್ನ ಹೊರಗೆ ಬರುತ್ತದೆ ಎಂಬುದಷ್ಟೇ ಈ ನಂಬಿಕೆಗಿರುವ ಆಧಾರ. ಹಾಗೆ ನೋಡಿದರೆ ಟಿಫಿನ್ ಡಬ್ಬಿಯೂ ಒಳಗೆ ಹೋಗಿ ಹೊರಗೆ ಬರುತ್ತದೆ, ಹೆಚ್ಚುಕಡಿಮೆ ಹೋದಷ್ಟೇ ತುಂಬಿಕೊಂಡು. ಅದನ್ನು ಯಾರೂ ವಿದ್ಯಾರ್ಥಿ ಎನ್ನುವುದಿಲ್ಲ. ಎಲ್‌ಕೆಜಿಗೆ ಸೇರುವವರು ತಂದೆತಾಯಿ, ಮಗು ಅವರ ಹಾಲ್ ಟಿಕೆಟ್ ಎಂಬುದು ಈ ಪ್ರಬಂಧದ ಸಿದ್ಧಾಂತ. ಇದನ್ನು ನಮ್ಮ ನ್ಯಾಯಶಾಸ್ತ್ರ ಒಪ್ಪುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳಿಂದ ಸಾಧಿಸಬೇಕೆಂದು ಹೊರಟೆ. ಆದರೆ ಉಪಮಾನವನ್ನು ಕೈಬಿಟ್ಟಿದ್ದೇನೆ. ಹೋಲಿಸುವ ಕೆಲಸವನ್ನು ಪಕ್ಕದ ಮನೆಯವರು ಆಗಲೇ ಸಮರ್ಪಕವಾಗಿ ಮಾಡುತ್ತಿದ್ದಾರೆ.

ಮೊದಲು ಹೆಸರಿನ ವಿಚಾರ. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಇಟ್ಟವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. ಮಕ್ಕಳ ತೋಟ ಎಂದು ಅದರ ಅರ್ಥ. ಅಲ್ಲಿ ನಾಸ್ತಿಕತೆಯೂ ಸಮಾಜವಾದವೂ ಮೊಳೆಯುತ್ತವೆ ಎಂಬ ಗುಮಾನಿಯಿಂದ ಪ್ರಷ್ಯಾದ ಸರಕಾರ 1851ರಲ್ಲಿ ಆ ತೋಟಗಳನ್ನೇ ನಿಷೇಧಿಸಿ, ಸುಮಾರು ಒಂಬತ್ತು ವರ್ಷ ಬಾಗಿಲು ಹಾಕಿಸಿತು. ಈಗಿನ ಎಲ್‌ಕೆಜಿಯ ಫೀ ರಸೀದಿ ನೋಡಿದ ಯಾವ ಸರಕಾರಕ್ಕೂ ಸಮಾಜವಾದದ ಸಂಶಯ ಬರಲಾರದು. ನಮ್ಮಲ್ಲಿ ಆ ತೋಟಕ್ಕೆ ಲೋಯರ್, ಅಪ್ಪರ್ ಎಂದು ಎರಡು ಅಂತಸ್ತು. ಈ ಎರಡು ಮಾತು ನಮಗೆ ಮೊದಲಿನಿಂದ ಪರಿಚಯವಿರುವುದು ರೈಲಿನ ಬರ್ತಿನಿಂದ, ಮತ್ತು ಸಾಮ್ಯ ಅಲ್ಲಿಗೇ ನಿಲ್ಲುವುದಿಲ್ಲ. ಎರಡಕ್ಕೂ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು, ಎರಡಕ್ಕೂ ವೇಟಿಂಗ್ ಲಿಸ್ಟ್ ಉಂಟು, ಎರಡಕ್ಕೂ ‘ಯಾರಾದರೂ ಗೊತ್ತಿದ್ದಾರಾ’ ಎಂಬ ಪ್ರಶ್ನೆ ಉಂಟು. ಇನ್ನು ರೈಲ್ವೆ ನಿಯಮದ ಪ್ರಕಾರ ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಬರ್ತೂ ಇಲ್ಲ. ಎಲ್‌ಕೆಜಿಯ ಮಗುವಿಗೆ ಐದು ತುಂಬಿರುವುದಿಲ್ಲ. ಹಾಗಾದರೆ ಲೋಯರ್‌ನಲ್ಲಿ ಸೀಟು ಸಿಕ್ಕಿತು ಎಂದು ಮನೆಯಲ್ಲಿ ಪಾಯಸ ಮಾಡಿದರಲ್ಲ, ಆ ಸೀಟು ಯಾರದು? ಇದನ್ನು ಇಲ್ಲಿ ಬೀಜರೂಪದಲ್ಲಿ ಇಟ್ಟು ಮುಂದೆ ಹೋಗೋಣ.

ನಮ್ಮ ಪರಂಪರೆಯಾದರೂ ಬೇರೆ ಏನನ್ನೂ ಹೇಳಿಲ್ಲ. ಶೃಂಗೇರಿಯಲ್ಲಿ ಶಾರದೆಯ ಸನ್ನಿಧಿಯಲ್ಲಿ ನಡೆಯುವ ಅಕ್ಷರಾಭ್ಯಾಸವನ್ನೇ ನೋಡಿ. ತಟ್ಟೆಯಲ್ಲಿ ಅಕ್ಕಿ ಹರಡಿರುತ್ತದೆ. ಮಗು ಅಪ್ಪನ ತೊಡೆಯ ಮೇಲೆ ಕೂತು, ಪಕ್ಕದ ಮಗುವಿನ ಬಲೂನನ್ನೇ ನೋಡುತ್ತಿರುತ್ತದೆ. ಅಪ್ಪ ಅದರ ಪುಟ್ಟ ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದು ಅಕ್ಕಿಯ ಮೇಲೆ ಅಕ್ಷರ ಎಳೆಯುತ್ತಾನೆ. ಬೆರಳು ಮಗುವಿನದು, ಬರವಣಿಗೆ ಅಪ್ಪನದು. ಇದನ್ನು ಭರತಖಂಡದ ಮೊದಲ ಹೋಂವರ್ಕ್ ಎಂದು ಗುರುತಿಸಲು ವಿದ್ವಾಂಸರು ಯಾಕೆ ಇಷ್ಟು ತಡಮಾಡಿದರೋ ತಿಳಿಯದು. ನಡುವೆ ಕೂಲಿಮಠಗಳ ಕಾಲವೊಂದು ಬಂದುಹೋಯಿತು. ಅಲ್ಲಿ ಅಯ್ಯನವರಿಗೆ ಊರವರು ಕೊಡುತ್ತಿದ್ದದ್ದು ಕೂಲಿ. ಮಗು ಮರಳಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಮಗ್ಗಿ ಒದರಿ, ಬೆತ್ತದ ರುಚಿ ಕಂಡು ತಾನೇ ಕಲಿಯಬೇಕಿತ್ತು. ಕೂಲಿ ಅಪ್ಪನದು, ಕಲಿಕೆ ಮಗುವಿನದು ಎಂಬ ಆ ಅರೆಬರೆ ವ್ಯವಸ್ಥೆಯನ್ನು ನಮ್ಮ ಕಾಲ ತಿದ್ದಿದೆ. ಈಗ ಕೂಲಿ ಕೊಡುವವನೂ ಅಪ್ಪ, ಕೂಲಿ ಮಾಡುವವನೂ ಅಪ್ಪ.

ಈಗ ಪ್ರತ್ಯಕ್ಷ ಪ್ರಮಾಣಕ್ಕೆ ಬರೋಣ. ಪ್ರವೇಶದ ಅರ್ಜಿಯನ್ನು ಕೈಯಲ್ಲಿ ಹಿಡಿದು ನೋಡಿ. ಮಗುವಿನ ಬಗ್ಗೆ ಕೇಳುವುದು ಹೆಸರು, ಹುಟ್ಟಿದ ದಿನ, ರಕ್ತದ ಗುಂಪು, ‘ಬಾತ್‌ರೂಮ್ ಹೇಳಿ ಹೋಗುತ್ತದೆಯೇ’ ಎಂಬ ನಾಲ್ಕು ಸಂಗತಿ; ಕೊನೆಯದಕ್ಕೆ ತಂದೆತಾಯಿ ಬರೆಯುವ ಉತ್ತರ ಯಾವಾಗಲೂ ಸ್ವಲ್ಪ ಅವಸರದ್ದು. ಮಿಕ್ಕ ಪುಟಗಳೆಲ್ಲ ತಂದೆಯ ಡಿಗ್ರಿ, ತಾಯಿಯ ಡಿಗ್ರಿ, ಕಂಪನಿ, ಹುದ್ದೆ, ವಾರ್ಷಿಕ ವರಮಾನ, ಮನೆಯಲ್ಲಾಡುವ ಭಾಷೆ, ಮತ್ತು ‘ನಮ್ಮ ಶಾಲೆಯನ್ನೇ ಯಾಕೆ ಆರಿಸಿಕೊಂಡಿರಿ’ ಎಂಬ ನೂರು ಪದದ ಪ್ರಬಂಧ. ಮನೆಗೆ ಹತ್ತಿರ ಎಂದು ನಿಜ ಬರೆದವರಿಗೆ ಸೀಟು ಸಿಗುವುದು ಕಷ್ಟ. ಆಮೇಲೆ ಸಂದರ್ಶನ. ‘ಇಂಟರಾಕ್ಷನ್’ ಎಂದು ಅದನ್ನು ಕರೆಯುವುದು ಮರ್ಯಾದೆಗೆ. ಇಸ್ತ್ರಿ ಮಾಡಿದ ಬಟ್ಟೆ, ಫೈಲು, ಬೆವರಿದ ಅಂಗೈ ಇವೆಲ್ಲ ಯಾರ ಲಕ್ಷಣ? ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಸೇಬು. ಮೇಡಂ ಅದನ್ನೆತ್ತಿ ‘ವಾಟ್ ಈಸ್ ದಿಸ್’ ಎನ್ನುತ್ತಾರೆ. ಮಗು ಮುಟ್ಟಿ ನೋಡಿ, ಉಗುರಿನಿಂದ ಕೆರೆದು, ‘ಪ್ಲಾಸ್ಟಿಕ್ಕು’ ಎನ್ನುತ್ತದೆ. ಆ ಕೋಣೆಯಲ್ಲಿ ಯಥಾರ್ಥ ಜ್ಞಾನ ಆದದ್ದು ಅದೊಂದಕ್ಕೆ ಮಾತ್ರ. ಉಳಿದ ಮೂವರೂ ಹಗ್ಗವನ್ನು ಹಾವೆಂದು ಕಂಡವರ ಹಾಗೆ ಪ್ಲಾಸ್ಟಿಕ್ಕನ್ನು ಸೇಬೆಂದು ಕಾಣುತ್ತಿದ್ದಾರೆ. ಆದರೂ ‘ಆಪಲ್ ಹೇಳು ಪುಟ್ಟ, ಮನೇಲಿ ಹೇಳ್ತಿದ್ದೆಯಲ್ಲ, ಆಪಲ್’ ಎಂದು ಬಿಳಿಚಿಕೊಂಡು ಮೆಲ್ಲಗೆ ಪ್ರಾಂಪ್ಟ್ ಮಾಡುವುದು ಅಮ್ಮ. ಸರಿಯಾದ ಉತ್ತರ ಕೊಟ್ಟವನು ನಿಶ್ಚಿಂತ, ಕೊಡದವಳಿಗೆ ಫೇಲಾಗುವ ಭಯ. ಪರೀಕ್ಷೆ ಯಾರಿಗೆ ನಡೆಯಿತು ಎಂದು ಬೇರೆ ಹೇಳಬೇಕೇ?

ಇದು ಕೇವಲ ಲೋಕರೂಢಿ, ಶಾಸನಕ್ಕೆ ಇದು ಸಮ್ಮತವಲ್ಲ ಎಂದು ವಕೀಲ ಪೂರ್ವಪಕ್ಷಿಯೊಬ್ಬರು ಎದ್ದು ನಿಲ್ಲಬಹುದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಸಂದರ್ಶನವನ್ನು ನಿಷೇಧಿಸಿದೆ, ಮೊದಲ ಸಲದ ತಪ್ಪಿಗೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡ ಎಂದಿದೆ ಎಂದು ಅವರು ವಾದಿಸುತ್ತಾರೆ. ಕಲಮನ್ನು ಪೂರ್ತಿ ಓದಬೇಕೆಂದು ಅವರಲ್ಲಿ ನಮ್ಮ ವಿನಂತಿ. ಮಗುವನ್ನಾಗಲಿ ಅದರ ತಂದೆತಾಯಿಯನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಡ್ಡಬಾರದು ಎಂಬುದು ಅದರ ತಾತ್ಪರ್ಯ. ನಡೆಯದೇ ಇರುವುದನ್ನು ಯಾರೂ ನಿಷೇಧಿಸುವುದಿಲ್ಲ. ರಸ್ತೆಯಲ್ಲಿ ತಿಮಿಂಗಿಲ ನಿಲ್ಲಿಸಬಾರದು ಎಂಬ ಬೋರ್ಡನ್ನು ಯಾವ ಊರಿನಲ್ಲೂ ಕಂಡಿಲ್ಲ. ತಂದೆತಾಯಿಗೆ ಪರೀಕ್ಷೆ ಉಂಟು ಎಂದು ಸಂಸತ್ತಿಗೇ ಗೊತ್ತಿತ್ತು ಎಂದಾಯಿತು. ಇನ್ನೊಂದು ಸೂಕ್ಷ್ಮ. ಅದೇ ಕಾಯ್ದೆಯ ವ್ಯಾಖ್ಯೆಯಲ್ಲಿ ‘ಮಗು’ ಎಂದರೆ ಆರರಿಂದ ಹದಿನಾಲ್ಕು ವರ್ಷದವರು. ಶೇಕಡಾ 25ರ ಮೀಸಲು ಸೀಟುಗಳನ್ನು ಬಿಟ್ಟರೆ ಆರರ ಕೆಳಗಿನ ನರ್ಸರಿ ಪ್ರವೇಶಕ್ಕೆ ಈ ಕಾಯ್ದೆ ತಾಗುವುದಿಲ್ಲ ಎಂದು 2013ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಎಂದಮೇಲೆ ಎಲ್‌ಕೆಜಿಯಲ್ಲಿ ಇರುವುದು, ಕಾನೂನಿನ ಮಾತಿನಲ್ಲಿ, ಮಗುವಲ್ಲ. ಟೀಚರಂತೂ ಅಲ್ಲ, ಅವರು ಕಲಿಸುವವರು. ಆಯಾ ಅಲ್ಲ. ಉಳಿದವರು ಯಾರೋ ಅವರೇ ವಿದ್ಯಾರ್ಥಿ ಎಂಬುದನ್ನು ನಮ್ಮವರು ಪಾರಿಶೇಷ್ಯ ಎನ್ನುತ್ತಾರೆ. ದೆಹಲಿ ಸರಕಾರ 2016ರ ಜನವರಿಯಲ್ಲಿ ಖಾಸಗಿ ಶಾಲೆಗಳ ನರ್ಸರಿ ಪ್ರವೇಶದ 62 ಮಾನದಂಡಗಳನ್ನು ರದ್ದು ಮಾಡಹೊರಟು, ವಿಷಯ ಕೋರ್ಟು ಹತ್ತಿತು. ಆ ಪಟ್ಟಿಯಲ್ಲಿ ಸಿಗರೇಟು ಸೇದದಿರುವುದು, ಮದ್ಯ ಮುಟ್ಟದಿರುವುದು, ಸಸ್ಯಾಹಾರಿಯಾಗಿರುವುದು ಎಲ್ಲ ಇದ್ದವು. ಮೂರು ವರ್ಷದ ಕೂಸು ಸಿಗರೇಟು ಬಿಟ್ಟಿದೆಯೇ ಎಂದು ಯಾವ ಶಾಲೆಯೂ ವಿಚಾರಿಸಲಾರದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನ್ಯಾಯಾಲಯದ ಮಾತು ಬಂದದ್ದರಿಂದ ಕರ್ನಾಟಕದ ಒಂದು ಪ್ರಕರಣವನ್ನು ಬಿಡುವಂತಿಲ್ಲ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿ ಇಲ್ಲವೇ ಕನ್ನಡದಲ್ಲಿ ಕಲಿಸಬೇಕೆಂದು ರಾಜ್ಯ ಸರಕಾರ 1994ರಲ್ಲಿ ಆಜ್ಞೆ ಮಾಡಿತು. ಇಪ್ಪತ್ತು ವರ್ಷ ಅಲ್ಲಿ ಇಲ್ಲಿ ಓಡಾಡಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು: ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದು ಎಂದು ಹೇಳಬೇಕಾದವರೂ ತಂದೆತಾಯಿ ಅಥವಾ ಪೋಷಕರೇ. ಕನ್ನಡದ ಹಿರಿಯರು ಈ ತೀರ್ಪಿಗೆ ಮರುಗಿದರು, ಮರುಗಬೇಕಾದ್ದೇ. ಆದರೆ ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ. ತಾಯಿಯ ಮೊಲೆಹಾಲಿನ ಜತೆ ಬಂದ ಭಾಷೆ ಯಾವುದು ಎಂದು ಕುಡಿದವನನ್ನು ಕೇಳುವ ಹಾಗಿಲ್ಲ. ಅರ್ಜಿ ತುಂಬುವ ತಂದೆಯನ್ನು ಕೇಳಬೇಕು. ಪಿತೃವಿನ ಆಯ್ಕೆಯ ಮಾತೃಭಾಷೆ ಎಂಬ ಈ ಹೊಸ ವರ್ಗಕ್ಕೆ ಕೇಶಿರಾಜನ ವ್ಯಾಕರಣದಲ್ಲಿ ಸ್ಥಳವಿಲ್ಲ. ವಯಸ್ಸಿನ ಕತೆಯೂ ಹೀಗೆಯೇ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಎಂದ ರಾಜ್ಯ ಸರಕಾರ, 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿದಿದ್ದರೆ ಐದು ವರ್ಷ ಐದು ತಿಂಗಳು ಸಾಕು ಎಂದಿತು. ಮಗುವಿಗೆ ಎರಡು ದಿನವೂ ಒಂದೇ ವಯಸ್ಸು. ಏಳು ತಿಂಗಳಷ್ಟು ಇಳಿದದ್ದು ಮನೆಯ ಹಿರಿಯರ ರಕ್ತದೊತ್ತಡ. ಅದು ಮಗುವಿನ ವಿಷಯವಾಗಿದ್ದರೆ, ಇನ್ನೊಂದು ವರ್ಷ ಆಟವಾಡು ಎಂದಾಗ ಅದು ಯಾಕೆ ಅರ್ಜಿ ಹಾಕಿಕೊಂಡು ಓಡಾಡಲಿಲ್ಲ?

ಶಬ್ದಪ್ರಮಾಣ ಇನ್ನೂ ಬಲವಾದದ್ದು. ಎಲ್‌ಕೆಜಿ ತಾಯಂದಿರ ವಾಟ್ಸಾಪ್ ಗುಂಪಿನ ಭಾಷೆಯನ್ನು ಒಬ್ಬ ವೈಯಾಕರಣನ ಕಣ್ಣಿನಿಂದ ನೋಡಿ. ‘ನಮಗೆ ನಾಳೆ ಇವಿಎಸ್ ಓರಲ್ ಇದೆ.’ ‘ನಾವಿನ್ನೂ ಸ್ಮಾಲ್ ಲೆಟರ್ಸ್ ಶುರುನೇ ಮಾಡಿಲ್ಲ ಕಣ್ರೀ.’ ‘ಇವತ್ತು ನಾವು ಆಬ್ಸೆಂಟು, ಯಾರಾದ್ರೂ ಹೋಂವರ್ಕ್ ಕಳಿಸ್ತೀರಾ ಪ್ಲೀಸ್.’ ಎಲ್ಲೂ ‘ಅವನಿಗೆ’, ‘ಅವಳಿಗೆ’ ಎಂಬ ಪ್ರಥಮಪುರುಷವಿಲ್ಲ. ಎಲ್ಲೆಲ್ಲೂ ಉತ್ತಮಪುರುಷ ಬಹುವಚನ. ಕನ್ನಡದ ‘ನಾವು’ ಉದಾರಿ, ಅದರೊಳಗೆ ಮಗುವೂ ಸೇರಿರಬಹುದಲ್ಲ ಎಂದು ಇಲ್ಲಿ ಆಕ್ಷೇಪ ಬರುತ್ತದೆ. ಒಪ್ಪಬೇಕಾದ ಮಾತೇ. ತುಳುವಿನಲ್ಲಿ ಈ ಗೊಂದಲವಿಲ್ಲ. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಳು’. ಮಂಗಳೂರಿನ ತಾಯಿಯೊಬ್ಬಳು ಮಗುವಿನ ಎದುರು ಕೂತು ಪರೀಕ್ಷೆಯ ಮಾತಾಡುವಾಗ ‘ನಂಕ್’ ಎನ್ನುತ್ತಾಳೋ ‘ಎಂಕ್ಲೆಗ್’ ಎನ್ನುತ್ತಾಳೋ ಎಂದು ಕಿವಿಗೊಟ್ಟು ಕೇಳಿದರೆ ಅರ್ಧ ಸಂಶೋಧನೆ ಮುಗಿದ ಹಾಗೆ; ಆಸಕ್ತರಿಗೆ ಒಳ್ಳೆಯ ಪಿಎಚ್‌ಡಿ ವಿಷಯ. ಬಯಲುಸೀಮೆಯ ನಮಗೆ ಬೇರೆ ಪರೀಕ್ಷೆ ಇದೆ. ಟೀಚರು ಸ್ಟಾರ್ ಕೊಟ್ಟ ದಿನ ‘ನಮಗೆ ಸ್ಟಾರ್ ಬಂತು’. ಪಕ್ಕದವನ ಕೈ ಕಚ್ಚಿದ ದೂರು ಡೈರಿಯಲ್ಲಿ ಬಂದ ದಿನ, ಗಂಡನ ಕಡೆ ತಿರುಗಿ, ‘ನೋಡಿ ನಿಮ್ಮ ಮಗ’. ನಕ್ಷತ್ರ ಉತ್ತಮಪುರುಷಕ್ಕೆ, ಕಚ್ಚಿದ ಹಲ್ಲು ಮಧ್ಯಮಪುರುಷಕ್ಕೆ. ವಿದ್ಯೆಗೆ ಸಂಬಂಧಿಸಿದ್ದೆಲ್ಲ ‘ನಾವು’ಗೆ ಅಂಟುತ್ತದೆ, ಮಗು ಎಂಬ ಪ್ರತ್ಯೇಕ ವ್ಯಕ್ತಿ ಕಾಣಿಸಿಕೊಳ್ಳುವುದು ಅಪರಾಧದಲ್ಲಿ ಮಾತ್ರ. ಸನ್ಯಾಸ ಸ್ವೀಕರಿಸಿದವರಿಗೆ ಪೂರ್ವಾಶ್ರಮದ ಹೆಸರು ಬಿಟ್ಟುಹೋಗುವ ಹಾಗೆ ಈ ಗುಂಪಿಗೆ ಸೇರಿದ ಹೆಂಗಸರಿಗೂ ಹಳೆಯ ಹೆಸರು ಬಿಟ್ಟುಹೋಗುತ್ತದೆ. ಎಲ್ಲರ ಮೊಬೈಲಿನಲ್ಲೂ ಅವರು ‘ಆರವ್ ಮಮ್ಮಿ’, ‘ಅನ್ವಿತಾ ಮಮ್ಮಿ’. ಇದನ್ನು ಹಾಜರಿಪುಸ್ತಕ ಎನ್ನದೆ ಏನೆನ್ನೋಣ?

ಅನುಮಾನ ಪ್ರಮಾಣಕ್ಕೆ ಬೆಟ್ಟದ ಮೇಲಿನ ಹೊಗೆಯನ್ನು ನಮ್ಮ ತಾರ್ಕಿಕರು ಸಾಕಷ್ಟು ಬಳಸಿದ್ದಾರೆ. ನಾವು ಥರ್ಮೊಕೋಲನ್ನು ತೆಗೆದುಕೊಳ್ಳೋಣ. ಎಲ್ಲೆಲ್ಲಿ ಥರ್ಮೊಕೋಲ್ ಇದೆಯೋ ಅಲ್ಲಲ್ಲಿ ಅಪ್ಪ ಇದ್ದಾನೆ ಎಂಬುದು ವ್ಯಾಪ್ತಿ. ರಾತ್ರಿ ಒಂಬತ್ತೂವರೆಗೆ ಯಾವ ಬಡಾವಣೆಯ ಸ್ಟೇಷನರಿ ಅಂಗಡಿಗಾದರೂ ಹೋಗಿ. ಶೆಟರ್ ಅರ್ಧ ಇಳಿದಿರುತ್ತದೆ. ಅದರ ಕೆಳಗಿನಿಂದ ಬಗ್ಗಿ, ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ಇನ್ನೂ ನೇತಾಡುತ್ತಿರುವ ಒಬ್ಬ ಗಂಡಸು ‘ಅಣ್ಣ, ಚಾರ್ಟ್ ಪೇಪರ್ ಇದೆಯಾ, ಆಕಾಶನೀಲಿ’ ಎಂದು ಕೇಳುತ್ತಿರುತ್ತಾನೆ. ಆಕಾಶನೀಲಿ ಮುಗಿದಿದೆ, ಹಳದಿ ಇದೆ. ಅವನು ಮನೆಗೆ ಫೋನ್ ಮಾಡುತ್ತಾನೆ. ಆಕಾಶ ಹಳದಿ ಇದ್ದರೆ ಆಗುತ್ತದೆಯೇ ಎಂಬ ಬಗ್ಗೆ ಅಲ್ಲೊಂದು ದೀರ್ಘ ಚರ್ಚೆ ನಡೆದು, ಕೊನೆಗೆ ಸೂರ್ಯಾಸ್ತ ಎಂದು ತೀರ್ಮಾನವಾಗುತ್ತದೆ. ಮನೆಯಲ್ಲಿ ಮಗು ಊಟ ಮಾಡಿ, ಬಾಯಿ ತೆರೆದು ಮಲಗಿ ಒಂದು ಗಂಟೆಯಾಗಿದೆ. ಫೆವಿಕಾಲು, ಮಿಂಚುಪುಡಿ, ಶನಿಗ್ರಹದ ಬಳೆಗಾಗಿ ಅಮ್ಮನ ಹಳೆಯ ಬಳೆ ಎಲ್ಲ ಸೇರಿ ಮಧ್ಯರಾತ್ರಿಗೆ ಸೌರವ್ಯೂಹ ಸಿದ್ಧವಾಗುತ್ತದೆ. ಬೆಳಗ್ಗೆ ಮಗು ಅದನ್ನು ನೋಡಿ ‘ಇದೇನಪ್ಪ’ ಎಂದು ಕೇಳುತ್ತದೆ. ಅದರ ಕೆಳಗೆ ಬರೆದಿರುವುದು ಮಗುವಿನ ಹೆಸರು, ಮತ್ತು ಅದನ್ನು ಬರೆದದ್ದೂ ಅಪ್ಪ, ಮಗು ಬರೆದ ಹಾಗೆ ಕಾಣಲಿ ಎಂದು ಎಡಗೈಯಲ್ಲಿ. ಥರ್ಮೊಕೋಲ್ ಅಂಗಡಿಯಲ್ಲೂ ಇರುತ್ತದೆ, ಅಲ್ಲಿ ಅಪ್ಪನಿಲ್ಲ, ಆದ್ದರಿಂದ ವ್ಯಾಪ್ತಿ ಮುರಿಯಿತು ಎಂದು ತಾರ್ಕಿಕರು ಹೇಳಿದರೆ, ಅಂಗಡಿಯವನೂ ಯಾರದೋ ಅಪ್ಪ ಎಂದು ಉತ್ತರ. ಅವನ ಮಗನ ಸೌರವ್ಯೂಹಕ್ಕೆ ಆಕಾಶನೀಲಿ ಬಳಕೆಯಾದದ್ದರಿಂದಲೇ ಅದು ಮುಗಿದದ್ದು.

ಬ್ಯಾಗಿನ ಭಾರದ ವಿಷಯದಲ್ಲೂ ದೊಡ್ಡವರು ಸುಮ್ಮನೆ ಕಣ್ಣೀರು ಹಾಕಿದ್ದಾರೆ. ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಾಡಿದ ಭಾಷಣ ಈ ಬ್ಯಾಗನ್ನು ಕುರಿತದ್ದೇ. ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ವರದಿ ಕೊಟ್ಟಿತು. ಕರ್ನಾಟಕ 2019ರಲ್ಲಿ ಒಂದು, ಎರಡನೇ ತರಗತಿಯ ಬ್ಯಾಗು ಎರಡು ಕಿಲೋ ಮೀರಬಾರದು ಎಂದಿತು. 2020ರ ಕೇಂದ್ರದ ನೀತಿ ಹೊತ್ತವರ ತೂಕದ ಹತ್ತನೇ ಒಂದು ಭಾಗ ಎಂದು ಲೆಕ್ಕ ಕೊಟ್ಟಿತು. ಸಮಿತಿಯವರು ಬ್ಯಾಗನ್ನು ತೂಗಿದರು, ಮಗುವನ್ನು ತೂಗಿದರು. ಹೊತ್ತವರು ಯಾರು ಎಂದು ಮಾತ್ರ ತಿರುಗಿ ನೋಡಲಿಲ್ಲ. ಮನೆಯಿಂದ ವ್ಯಾನಿನವರೆಗೆ, ಸ್ಕೂಟರಿನಿಂದ ಗೇಟಿನವರೆಗೆ ಎಲ್‌ಕೆಜಿ ಬ್ಯಾಗು ಇರುವುದು ಅಮ್ಮನ ಎಡಹೆಗಲಿಗೆ. ಅರವತ್ತು ಕಿಲೋ ತೂಗುವ ಅಮ್ಮನಿಗೆ ಹತ್ತನೇ ಒಂದು ಎಂದರೆ ಆರು ಕಿಲೋ. ಆ ಲೆಕ್ಕದಲ್ಲಿ ನಮ್ಮ ಶಾಲೆಗಳು ಈ ನಿಯಮವನ್ನು ಮೊದಲ ದಿನದಿಂದ ಚಾಚೂ ತಪ್ಪದೆ ಪಾಲಿಸುತ್ತಿವೆ. ಅವರ ಮೇಲೆ ಅಪವಾದ ಹೊರಿಸಿದ್ದು ತಪ್ಪು.

ಫೀ ಕೊಡುವವರು ಗಿರಾಕಿಗಳು, ವಿದ್ಯಾರ್ಥಿಗಳು ಹೇಗಾದಾರು ಎಂಬುದು ಅರ್ಥಶಾಸ್ತ್ರಜ್ಞರ ಆಕ್ಷೇಪ. ಇದಕ್ಕೆ ಮೀಮಾಂಸಕರು ಬಹಳ ಹಿಂದೆಯೇ ಉತ್ತರಿಸಿದ್ದಾರೆ. ಯಜ್ಞದಲ್ಲಿ ದಕ್ಷಿಣೆ ಕೊಡುವವನು ಯಜಮಾನ, ಮಂತ್ರ ಹೇಳುವವರು ಋತ್ವಿಜರು, ಆದರೆ ಸ್ವರ್ಗ ಸಿಗುವುದು ಯಜಮಾನನಿಗೆ. ಡೊನೇಷನ್, ಡೆವಲಪ್‌ಮೆಂಟ್ ಫಂಡ್, ಯೂನಿಫಾರ್ಮು, ವ್ಯಾನು ಎಂದು ನಾನಾ ನಾಮಧೇಯದ ದಕ್ಷಿಣೆ ಕೊಟ್ಟ ಮೇಲೆ ಮದುವೆಮನೆಯ ಪಂಕ್ತಿಯಲ್ಲಿ ‘ಯಾವ ಸ್ಕೂಲು?’ ಎಂಬ ಪ್ರಶ್ನೆ ಬಂದಾಗ, ಬಾಳೆಲೆಯಿಂದ ತಲೆಯೆತ್ತಿ ಶಾಲೆಯ ಹೆಸರು ಹೇಳುವ ಆ ಕ್ಷಣವಿದೆಯಲ್ಲ, ಅದೇ ಸ್ವರ್ಗ. ಅದು ಮಗುವಿಗೆ ಸಿಗುವುದಿಲ್ಲ, ಅದು ಆಗ ಮೇಜಿನ ಕೆಳಗೆ ಚಿರೋಟಿ ಪುಡಿಮಾಡುತ್ತಿರುತ್ತದೆ. ಈ ಯಜ್ಞದಲ್ಲಿ ಯಜಮಾನ ಗೊತ್ತಾಯಿತು, ಋತ್ವಿಜರು ಗೊತ್ತಾದರು, ಮಗುವಿನ ಸ್ಥಾನ ಯಾವುದು ಎಂದು ಓದುಗರು ದಯವಿಟ್ಟು ಕೇಳಬಾರದು. ಯೂಪಸ್ತಂಭಕ್ಕೆ ಏನನ್ನು ಕಟ್ಟುತ್ತಿದ್ದರು ಎಂಬುದು ಎಲ್ಲರಿಗೂ ತಿಳಿದದ್ದೇ.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪ ಬರುವುದು ಬದಲಿ ಶಾಲೆಗಳ ಕಡೆಯಿಂದ. ನಮ್ಮಲ್ಲಿ ಹೋಂವರ್ಕಿಲ್ಲ, ಪರೀಕ್ಷೆಯಿಲ್ಲ, ಮಗು ಮಣ್ಣಿನಲ್ಲಿ ಆಡುತ್ತದೆ, ಮರದ ಆಟಿಕೆ ಮುಟ್ಟುತ್ತದೆ, ನಿಮ್ಮ ಸಿದ್ಧಾಂತ ನಮಗೆ ಹೊಂದದು ಎನ್ನುತ್ತಾರೆ ಅವರು. ಆದರೆ ಆ ಶಾಲೆ ಸಿಕ್ಕಿದ್ದು ಹೇಗೆ? ಮಗುವಿಗೆ ಒಂದೂವರೆ ವರ್ಷವಾದಾಗ ಎಕ್ಸೆಲ್ ಶೀಟ್ ತೆರೆದು, ಸಿಬಿಎಸ್‌ಇ, ಐಸಿಎಸ್‌ಇ, ಐಬಿ, ಸ್ಟೇಟ್ ಎಂದು ಕಾಲಂ ಮಾಡಿ, ಮನೆಯಿಂದ ಎಷ್ಟು ದೂರ, ಟೀಚರಿಗೆ ಎಷ್ಟು ಮಕ್ಕಳು, ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಬೇಕೇ ಎಂದು ತುಂಬಿ, ಕೆಂಪು ಹಸಿರು ಬಣ್ಣ ಕೊಟ್ಟು, ಮಗುವಿನ ಮೇಲೆ ಒತ್ತಡ ಹೇರದಿರುವುದು ಹೇಗೆ ಎಂಬ ಕಾರ್ಯಾಗಾರಕ್ಕೆ ಮೂರು ಶನಿವಾರ ಹೋಗಿ, ಅಲ್ಲಿ ಕೊಟ್ಟ ಪುಸ್ತಕವನ್ನು ಓದಿ ಗೆರೆ ಎಳೆದವರು ಅವರೇ. ಬೇರೆಯವರು ಎಲ್‌ಕೆಜಿ ಓದುತ್ತಿದ್ದರೆ ಇವರು ಎಲ್‌ಕೆಜಿಯಲ್ಲಿ ಎಂ.ಫಿಲ್. ಮಾಡಿದ್ದಾರೆ. ಮಾರಿಯಾ ಮಾಂಟೆಸರಿ 1907ರಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದದ್ದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಕೂಲಿಗೆ ಹೋದವರ ಮಕ್ಕಳು ಗೋಡೆ ಕೆಡಿಸದಿರಲಿ ಎಂದು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಇಲ್ಲೇ ಸಿಕ್ಕಿಕೊಂಡು ವರ್ಷಗಟ್ಟಲೆ ಶಿಕ್ಷಕರನ್ನು ತಯಾರು ಮಾಡಿದರು. ಆ ಹೆಸರು ಇವತ್ತು ಬೆಂಗಳೂರಿನಲ್ಲಿ ಒಂದು ಬಾಡಿಗೆ ಮನೆ, ಗೋಡೆಯ ಮೇಲೊಂದು ಜಿರಾಫೆ, ಒಂದು ಫೀ ಕೌಂಟರ್ ಇರುವ ಯಾವ ಜಾಗಕ್ಕಾದರೂ ಒಪ್ಪುತ್ತದೆ.

ಅಂಗನವಾಡಿಯ ಮಾತೇನು ಎಂದು ಕೇಳುವವರಿಗೆ ಉತ್ತರಿಸುವುದು ನನಗೆ ನಿಜವಾಗಿ ಕಷ್ಟ. 1975ರ ಅಕ್ಟೋಬರ್ 2ರಂದು ಕರ್ನಾಟಕದ ಮೊದಲ ಐಸಿಡಿಎಸ್ ಯೋಜನೆ ಶುರುವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇವತ್ತಿಗೂ ಅಂಗನವಾಡಿಯಲ್ಲಿ ಯಾರೂ ತಾಯಿಯ ಡಿಗ್ರಿ ಕೇಳುವುದಿಲ್ಲ. ಮಗುವನ್ನು ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳುತ್ತಾರೆ, ತೂಕ ಕಡಿಮೆ ಇದ್ದರೆ ಚಿಂತಿಸುತ್ತಾರೆ. ಮಗು ಹಾಡುತ್ತದೆ, ಮೊಟ್ಟೆ ತಿನ್ನುತ್ತದೆ, ಚಾಪೆಯ ಮೇಲೆ ಮಲಗುತ್ತದೆ, ಎದ್ದು ಮನೆಗೆ ಬರುತ್ತದೆ. ತಾಯಿ ಅಷ್ಟು ಹೊತ್ತು ಕಳೆ ಕೀಳಲು ಹೋಗಿರುತ್ತಾಳೆ. ‘ನಮಗೆ ಟೆಸ್ಟ್ ಇದೆ’ ಎಂದು ಅವಳು ಅಂದದ್ದು ಯಾರೂ ಕೇಳಿಲ್ಲ. ಅಲ್ಲಿ ವಿದ್ಯಾರ್ಥಿ ಮಗುವೇ. ಇಲ್ಲಿ ಸಿದ್ಧಾಂತಕ್ಕೆ ಅವ್ಯಾಪ್ತಿ ದೋಷ ಬಂದಿತೆಂದು ಪೂರ್ವಪಕ್ಷಿ ಹಿಗ್ಗಬಾರದು. ನಮ್ಮ ವಿಷಯ ಎಲ್‌ಕೆಜಿ, ಅಂಗನವಾಡಿ ಎಲ್‌ಕೆಜಿಯಲ್ಲ. ಊರಿನ ಮರ್ಯಾದಸ್ಥರನ್ನು ಕೇಳಿ, ಅವರೂ ಅದನ್ನೇ ಹೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ. ಈ ನ್ಯೂನತೆಯನ್ನು ಸರಿಪಡಿಸುವ ಕೆಲಸವೂ ಸಾಗಿದೆ. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರು. 2024ರಲ್ಲಿ ಅಂಗನವಾಡಿಗೇ ಎಲ್‌ಕೆಜಿ, ಯುಕೆಜಿ ತಂದು ಸರಕಾರಿ ಮಾಂಟೆಸರಿ ಎಂದು ಹೆಸರಿಡತೊಡಗಿದರು. ಬಡವರ ಕೇರಿಯಿಂದ ಹೊರಟ ಹೆಸರು ಜಗತ್ತು ಸುತ್ತಿ, ಬೆಲೆ ಏರಿಸಿಕೊಂಡು, ಮತ್ತೆ ಬಡವರ ಕೇರಿಗೆ ಬೋರ್ಡಾಗಿ ಬಂದಿದೆ. ತಕ್ಕಡಿ ಅಲ್ಲೇ ಇದ್ದರೆ ಸಾಕು ಎಂದು ಈ ಲೇಖಕನ ಆಸೆ. ಶಾಸ್ತ್ರಗ್ರಂಥದಲ್ಲಿ ಆಸೆಗೆ ಜಾಗವಿಲ್ಲವಾದ್ದರಿಂದ ಮುಂದುವರಿಯುತ್ತೇನೆ.

ಅಳುವುದು ಮಗುವಲ್ಲವೇ ಎಂಬುದೊಂದು ಉಳಿದಿದೆ. ಜೂನ್ ಮೊದಲ ವಾರದಲ್ಲಿ ಗೇಟಿನ ಒಳಗಿನ ಅಳು ಹತ್ತು ನಿಮಿಷದಲ್ಲಿ ನಿಲ್ಲುತ್ತದೆ. ಗೇಟಿನ ಹೊರಗೆ, ಹಿಡಿಗಂಬಿಗೆ ಮುಖ ಒತ್ತಿ ನಿಂತವರದು ನಿಲ್ಲುವುದು ಮಧ್ಯಾಹ್ನಕ್ಕೆ. ಮೊದಲ ದಿನ ಶಾಲೆಗೆ ಬಂದವರು ಯಾರೋ ಅವರು ಹೆಚ್ಚು ಅಳುತ್ತಾರೆ ಎಂಬುದು ಲೋಕಾನುಭವ.

ಇನ್ನು ಕೊನೆಯ ಪ್ರತ್ಯಕ್ಷ. ಯುಕೆಜಿ ಮುಗಿದಾಗ ನಗರದ ಶಾಲೆಗಳಲ್ಲಿ ಈಗ ಗ್ರಾಜುಯೇಷನ್ ಡೇ ಮಾಡುತ್ತಾರೆ. ಪುಟ್ಟ ಕರಿ ಗೌನು, ಚೌಕದ ಟೋಪಿ, ರಿಬ್ಬನ್ ಕಟ್ಟಿ ಸುತ್ತಿದ ಸರ್ಟಿಫಿಕೇಟು. ಗೌನನ್ನು ಅಳತೆ ನೋಡಿ ಹೊಲಿಸಿರುತ್ತಾರೆ, ಟೋಪಿ ಮಾತ್ರ ಬಾಡಿಗೆಯದು, ಎಲ್ಲರಿಗೂ ಒಂದೇ ಸೈಜು. ಹೆಸರು ಕೂಗುತ್ತಾರೆ. ಮಗು ವೇದಿಕೆ ಹತ್ತುತ್ತದೆ, ಮುಖ್ಯ ಅತಿಥಿ ಟೋಪಿ ಹಾಕುತ್ತಾರೆ, ಟೋಪಿ ಹಣೆ ದಾಟಿ, ಕಣ್ಣು ದಾಟಿ, ಮೂಗಿನ ಮೇಲೆ ಬಂದು ಕೂರುತ್ತದೆ. ಕುರುಡಾದ ಪದವೀಧರ ತಡವರಿಸಿ ಟೋಪಿ ಕಿತ್ತು ಕೆಳಗೆ ಹಾಕಿ ಅಮ್ಮನ ಕಡೆ ಓಡುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಫೋಟೊ. ಮಗು ಟೋಪಿ ಬೇಡವೇ ಬೇಡ ಎಂದು ಹಟ ಹಿಡಿಯುತ್ತದೆ. ‘ಇರಲಿ ಬಿಡೇ, ನಾನೇ ಹಾಕ್ಕೋತೀನಿ’ ಎಂದು ಅಪ್ಪ ಅದನ್ನು ನೆಲದಿಂದೆತ್ತಿ, ಧೂಳು ಕೊಡವಿ, ತಲೆಗಿಟ್ಟುಕೊಳ್ಳುತ್ತಾನೆ. ಟೋಪಿ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ.